ನೀಲಿ ಉಂಗುರ, ಎರಡು ಸೂಜಿ

ಚೆನ್ನಾಗಿ ಬಣ್ಣ ಕೂತ ಮಜ್ಜೆಯ ಸ್ಲೈಡು ನೋಡುವುದೆಂದರೆ ನನಗೆ ಮೊದಲಿನಿಂದಲೂ ಸುಖ. ಯಾರದೋ ಸೊಂಟದ ಮೂಳೆಗೆ ದಪ್ಪ ಸೂಜಿ ಇಳಿಸಿ ಎಳೆದ ಹನಿಯಲ್ಲಿ ಸುಖ ಕಾಣುವುದು ಎಂಥ ಮನಸ್ಸು ಎಂದು ಮನೆಯವರೇ ಕೇಳಿದ್ದಾರೆ. ನೋವು ನೋವೇ, ಅದನ್ನು ಇಲ್ಲ ಎನ್ನುತ್ತಿಲ್ಲ. ಆದರೆ ಶಿವಮೊಗ್ಗದ ಲ್ಯಾಬುಗಳಲ್ಲಿ ಐಪೀಸಿಗೆ ಕಣ್ಣು ಕೊಟ್ಟು ಅನ್ನ ತಿಂದವಳು ನಾನು. ಅಲ್ಲಿ ಕಂಡದ್ದನ್ನು ಚೆಂದವಲ್ಲ ಎನ್ನಲು ನಾಲಿಗೆ ಹೊರಳುವುದಿಲ್ಲ.

ಅದರಲ್ಲೂ ಪರ್ಲ್ಸ್ ಬಣ್ಣದ ಸ್ಲೈಡು. 1867ರಲ್ಲಿ ಮ್ಯಾಕ್ಸ್ ಪರ್ಲ್ಸ್ ಎಂಬ ಜರ್ಮನ್ ವೈದ್ಯ ಹೇಳಿಕೊಟ್ಟ ಕ್ರಮ ಇವತ್ತಿಗೂ ಹೆಚ್ಚು ಬದಲಾಗಿಲ್ಲ. ಪೊಟ್ಯಾಸಿಯಂ ಫೆರೋಸಯನೈಡ್ ದ್ರಾವಣಕ್ಕೆ ಹೈಡ್ರೋಕ್ಲೋರಿಕ್ ಆಮ್ಲವನ್ನು ಆಗಿಂದಾಗಲೇ ಬೆರೆಸಿ ಸ್ಲೈಡಿನ ಮೇಲೆ ಸುರಿಯಬೇಕು, ನಿನ್ನೆ ಬೆರೆಸಿಟ್ಟದ್ದು ನಡೆಯುವುದಿಲ್ಲ. ಸ್ಟೀಲಿನ ಇಕ್ಕಳ ತಾಗಿಸಬಾರದು. ನಲ್ಲಿ ನೀರಲ್ಲಿ ತೊಳೆಯಬಾರದು, ಏಕೆಂದರೆ ಆ ನೀರಿನಲ್ಲಿರುವ ಚೂರುಪಾರು ಕಬ್ಬಿಣವೇ ಸ್ಲೈಡಿನ ಮೇಲೆ ಕೂತು ನೀಲಿಯಾಗಿ, ಇಲ್ಲದ ರೋಗವನ್ನು ಇದೆ ಎಂದು ತೋರಿಸುತ್ತದೆ. ಇಷ್ಟು ಮಡಿ ಮಾಡಿ, ಬಟ್ಟಿ ಇಳಿಸಿದ ನೀರಲ್ಲಿ ತೊಳೆದು, ಸ್ಯಾಫ್ರನಿನ್‌ನ ತೆಳುಗೆಂಪು ಹಚ್ಚಿ, ಒಣಗಿಸಿ, ಒಂದು ತೊಟ್ಟು ಎಣ್ಣೆ ಬಿಟ್ಟು ನೂರರ ಲೆನ್ಸು ಇಳಿಸಿದರೆ, ಗುಲಾಬಿ ಬಣ್ಣದ ಬಯಲಿನಲ್ಲಿ ಕಬ್ಬಿಣವಿದ್ದ ಕಡೆಯೆಲ್ಲ ನೀಲಿ ಎದ್ದಿರುತ್ತದೆ.

ಈ ನೀಲಿಗೆ ಪ್ರಷ್ಯನ್ ನೀಲಿ ಎಂದು ಹೆಸರು. ಹದಿನೆಂಟನೇ ಶತಮಾನದ ಆರಂಭದಲ್ಲಿ ಬರ್ಲಿನ್‌ನಲ್ಲಿ ಡೀಸ್‌ಬಾಖ್ ಎಂಬ ಬಣ್ಣಗಾರ ಕೆಂಪು ಮಾಡಲು ಹೋಗಿ ಇದನ್ನು ಪಡೆದ ಎನ್ನುತ್ತಾರೆ. ಅವನು ಎರವಲು ತಂದಿದ್ದ ಪೊಟ್ಯಾಶ್ ಅದಕ್ಕೂ ಮೊದಲು ಪ್ರಾಣಿಗಳ ರಕ್ತದ ಜೊತೆ ಬೆಂದಿತ್ತಂತೆ. ರಕ್ತದ ಆ ಶೇಷ ಕಬ್ಬಿಣದ ಉಪ್ಪಿನೊಡನೆ ಸೇರಿ ಕೆಂಪಿನ ಬದಲು ನೀಲಿ ಬಂತು. ಮುಂದೆ ಅದೇ ನೀಲಿ ಜಪಾನಿಗೆ ಹೋಗಿ ಹೊಕುಸಾಯಿಯ ದೊಡ್ಡ ಅಲೆಯ ಚಿತ್ರಕ್ಕೆ ಬಣ್ಣವಾಯಿತು. ರಕ್ತದಿಂದ ಹುಟ್ಟಿದ ಬಣ್ಣ ಸುತ್ತಿ ಬಳಸಿ ಮತ್ತೆ ರಕ್ತದ ಕಬ್ಬಿಣವನ್ನು ತೋರಿಸುವ ಕೆಲಸಕ್ಕೇ ಬಂದು ನಿಂತಿತಲ್ಲ! ಹೊಸದಾಗಿ ಸೇರಿದ ಹುಡುಗಿಯರಿಗೆ ಸ್ಟೇನಿಂಗ್ ಕಲಿಸುವಾಗ ಈ ಕಥೆ ಹೇಳದೆ ನಾನು ಬಾಟಲಿಯ ಮುಚ್ಚಳ ತೆಗೆದದ್ದಿಲ್ಲ.

ಇನ್ನು ಉಂಗುರ. ಮಜ್ಜೆಯಲ್ಲಿ ಬೆಳೆಯುತ್ತಿರುವ ಎಳೆಯ ಕೆಂಪುಕಣಕ್ಕೆ ನಡುವೆ ಗುಂಡನೆಯ ನ್ಯೂಕ್ಲಿಯಸ್ ಇರುತ್ತದೆ. ಆರೋಗ್ಯವಂತರಲ್ಲಿ ಅದರ ಸುತ್ತ ಅಲ್ಲೊಂದು ಇಲ್ಲೊಂದು ನೀಲಿ ಚುಕ್ಕೆ ಕಂಡರೆ ಕಂಡೀತು. ಕೆಲವರ ಮಜ್ಜೆಯಲ್ಲಿ ಮಾತ್ರ ಆ ಚುಕ್ಕೆಗಳು ನ್ಯೂಕ್ಲಿಯಸ್ಸಿಗೆ ಒತ್ತಿ ಸಾಲಾಗಿ ಕೂತು ಉಂಗುರ ಕಟ್ಟಿರುತ್ತವೆ. ಕಡಿಮೆಯೆಂದರೆ 5 ಚುಕ್ಕೆ, ಸುತ್ತಳತೆಯ ಮೂರನೇ ಒಂದು ಭಾಗವಾದರೂ ಆವರಿಸಿರಬೇಕು. ಅಂಥವು ನೂರು ಎಳೆಗಣಗಳಲ್ಲಿ 15 ಸಿಕ್ಕರೆ ವರದಿಯಲ್ಲಿ ಹೆಸರು ಹಿಡಿದು ಬರೆಯುವುದು ಹಳೆಯ ರೂಢಿ. ಕಬ್ಬಿಣ ಸಿಕ್ಕಿಬಿದ್ದಿರುವುದು ಕಣದ ಮೈಟೋಕಾಂಡ್ರಿಯಾಗಳಲ್ಲಿ. ಹಿಮೋಗ್ಲೋಬಿನ್ ಕಟ್ಟಲು ಒಳಗೆ ಬಂದದ್ದು ಕೆಲಸಕ್ಕೂ ಬಾರದೆ ಹೊರಗೂ ಹೋಗದೆ ಅಲ್ಲೇ ಜಮೆಯಾಗಿದೆ. ಕಣ ದೊಡ್ಡದಾಗಿ ರಕ್ತಕ್ಕೆ ಇಳಿಯುವ ಮೊದಲೇ ಸಾಯುತ್ತದೆ. ಮಜ್ಜೆಯ ತುಂಬ ಜನ, ರಕ್ತದಲ್ಲಿ ಬರಗಾಲ. 1956ರಲ್ಲಿ ಸ್ವೀಡನ್ನಿನ ಬ್ಯೋರ್ಕ್‌ಮನ್ ಎಂಬ ವೈದ್ಯ ಇಂಥ ನಾಲ್ವರು ರೋಗಿಗಳ ಬಗ್ಗೆ ಬರೆದದ್ದೇ ಈ ಉಂಗುರದ ಮೊದಲ ಒಳ್ಳೆಯ ವರ್ಣನೆ. ಇವತ್ತು ಅದನ್ನು ಎಂಡಿಎಸ್, ಅಂದರೆ ಮೈಲೋಡಿಸ್‌ಪ್ಲಾಸ್ಟಿಕ್ ಸಿಂಡ್ರೋಮ್ ಎಂಬ ದೊಡ್ಡ ಕುಟುಂಬದೊಳಗೆ ಸೇರಿಸಿದ್ದಾರೆ. ಹೆಚ್ಚಾಗಿ ವಯಸ್ಸಾದವರ ಕಾಯಿಲೆ.

ನಮ್ಮ ಕುಟುಂಬದಲ್ಲಿ ಇದು ಬಂದದ್ದು ಭದ್ರಾವತಿಯ ದೊಡ್ಡಪ್ಪನಿಗೆ. ಅದೇನು ವಿಧಿಯ ತಮಾಷೆಯೋ, ಕಬ್ಬಿಣದ ಕಾರ್ಖಾನೆಯಿಂದಲೇ ನಿವೃತ್ತರಾದವರು. ಒಂದು ಕಾಲಕ್ಕೆ ಬೆಂಕಿಪುರ ಎನ್ನಿಸಿಕೊಂಡಿದ್ದ ಆ ಊರಲ್ಲಿ 1923ರಿಂದ ಕುಲುಮೆ ಉರಿದದ್ದು, ಕೆಮ್ಮಣ್ಣುಗುಂಡಿಯ ಅದಿರು ರೋಪ್‌ವೇಯಲ್ಲಿ ಇಳಿದು ಬರುತ್ತಿದ್ದದ್ದು, ಕಲ್ಲಿದ್ದಲಿಲ್ಲದ ನಾಡಲ್ಲಿ ಮಲೆನಾಡಿನ ಕಟ್ಟಿಗೆಯ ಇದ್ದಿಲಿನಿಂದ ಕಬ್ಬಿಣ ಕರಗಿಸಿದ ವಿಶ್ವೇಶ್ವರಯ್ಯನವರ ಹಟ, ಇದೆಲ್ಲ ದೊಡ್ಡಪ್ಪನ ಬಾಯಲ್ಲಿ ಊಟದಷ್ಟೇ ನಿತ್ಯದ್ದು. ಮೆಟ್ಟಿಲು ಹತ್ತಿದರೆ ಏದುಸಿರು, ಮುಖ ಬಿಳಿಚು, ಎಚ್‌ಬಿ ಎಂಟರ ಆಚೀಚೆ. ನಮ್ಮ ಕಡೆ ಎಚ್‌ಬಿ ಕಮ್ಮಿ ಎಂದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ದಾಳಿಂಬೆ, ಬೀಟ್‌ರೂಟು, ಖರ್ಜೂರ, ನುಗ್ಗೆಸೊಪ್ಪು, ಜೊತೆಗೆ ಐರನ್ ಮಾತ್ರೆ. ಆರು ತಿಂಗಳು ಎಲ್ಲವೂ ಆಯಿತು. ಕೊನೆಗೆ ಮಜ್ಜೆ ತೆಗೆಸಿದಾಗ ಉಂಗುರಗಳು ಕಂಡವು.

ಭದ್ರಾವತಿ ನ್ಯೂಟೌನಿನ ಅವರ ಮನೆಯ ಜಗಲಿಯಲ್ಲಿ ಕೂತು ನಾನು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ. ದೊಡ್ಡಪ್ಪ ಕನ್ನಡಕ ಮೇಲೆತ್ತಿ ನೋಡಿದರು.

‘ಅಂದ್ರೆ ಅದಿರು ಯಾರ್ಡಲ್ಲಿ ಗುಡ್ಡೆ ಬಿದ್ದಿದೆ, ಫರ್ನೇಸಿಗೆ ಮಾತ್ರ ಇಳೀತಿಲ್ಲ. ಹಂಗೆ ತಾನೆ ಪುಟ್ಟಿ?’

‘ಹಂಗೇ ದೊಡ್ಡಪ್ಪ.’

‘ಮತ್ತೆ ಇಷ್ಟು ದಿನ ಮಾತ್ರೆ ನುಂಗ್ಸಿದ್ರಲ್ಲೇ! ಗುಡ್ಡೆ ಮೇಲೆ ಇನ್ನೊಂದು ಲೋಡು ಸುರಿದಂಗಾಯ್ತು.’

ಇದಕ್ಕಿಂತ ಚೆನ್ನಾಗಿ ಈ ರೋಗವನ್ನು ಹೇಳಿದ ಪುಸ್ತಕ ನಾನು ಓದಿಲ್ಲ. ಗುಡ್ಡೆ ಇನ್ನೂ ಬೆಳೆಯುವುದು ರಕ್ತ ಹಾಕಿಸಿದಾಗ. ನಮ್ಮ ಮೈಯಲ್ಲಿರುವ ಕಬ್ಬಿಣ ಒಟ್ಟು 3ರಿಂದ 4 ಗ್ರಾಂ. ದಿನಕ್ಕೆ ಊಟದಿಂದ ಹೀರಿಕೊಳ್ಳುವುದು ಒಂದೆರಡು ಮಿಲಿಗ್ರಾಂ ಮಾತ್ರ. ಒಂದು ಬಾಟಲಿ ರಕ್ತದ ಜೊತೆ ಬರುವುದು 200ರಿಂದ 250 ಮಿಲಿಗ್ರಾಂ, ಮತ್ತು ಹೆಚ್ಚಾದ ಕಬ್ಬಿಣವನ್ನು ಹೊರಹಾಕಲು ದೇಹಕ್ಕೆ ದಾರಿಯೇ ಇಲ್ಲ. ಹತ್ತಿಪ್ಪತ್ತು ಬಾಟಲಿಯಾಗುವಷ್ಟರಲ್ಲಿ ಅದು ಲಿವರಿನಲ್ಲಿ, ಆಮೇಲೆ ಹೃದಯದಲ್ಲಿ ಕೂರಲು ಶುರು. ಹಾಗೆಂದು ರಕ್ತ ಹಾಕಿಸಲೇಬಾರದು ಅಂತಲ್ಲ. ಎಷ್ಟೋ ಜನರ ಬದುಕು ನಡೆಯುತ್ತಿರುವುದೇ ಮೆಗ್ಗಾನ್ ಆಸ್ಪತ್ರೆಯ ವಾರ್ಡಿನಲ್ಲಿ ತಿಂಗಳಿಗೊಮ್ಮೆ ಏರಿಸಿಕೊಳ್ಳುವ ಬಾಟಲಿಯಿಂದ. ಆದರೆ ಹೊರಗಿನ ರಕ್ತ ಸುರಿಯುವ ಬದಲು ಒಳಗಿನ ಮಜ್ಜೆಯೇ ತನ್ನ ಕೆಲಸ ಮಾಡುವಂತೆ ಎಬ್ಬಿಸಲು ಬರುತ್ತದೆಯೆ? ಬರುತ್ತದೆ, ಕೆಲವರಲ್ಲಿ. ಎಬ್ಬಿಸುವ ಬಗೆಯೇ ನನಗೆ ಮೆಲುಕು ಹಾಕಲು ಇಷ್ಟವಾದದ್ದು. ಎರಡು ಸೂಜಿಮದ್ದು, ಎರಡಕ್ಕೂ ಬೇರೆ ಬೇರೆ ವಂಶ, ಬೇರೆ ಬೇರೆ ಊರು.

ಮೊದಲನೆಯದು ಎರಿಥ್ರೊಪೊಯೆಟಿನ್. ಡಯಾಲಿಸಿಸ್ ಮಾಡಿಸಿಕೊಳ್ಳುವವರ ಮನೆಗಳಲ್ಲಿ ‘ಎಪೋ’ ಎಂದರೆ ಸಾಕು, ಗೊತ್ತು. ಕಿಡ್ನಿ ತಯಾರಿಸುವ ಹಾರ್ಮೋನು ಇದು. ರಕ್ತದಲ್ಲಿ ಆಮ್ಲಜನಕ ಕಡಿಮೆಯಾಯಿತೆಂದರೆ ಕಿಡ್ನಿ ಇದನ್ನು ಹೆಚ್ಚು ಮಾಡಿ ಬಿಡುತ್ತದೆ, ಮಜ್ಜೆ ಹೆಚ್ಚು ಕೆಂಪುಕಣ ಹುಟ್ಟಿಸುತ್ತದೆ. ಆರೋಗ್ಯವಂತರ ಮಜ್ಜೆ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪುಕಣ ಹುಟ್ಟಿಸುತ್ತದೆ ಎಂಬುದನ್ನು ನೆನೆದರೆ ಈ ಹಾರ್ಮೋನಿನ ಅಧಿಕಾರ ಎಷ್ಟೆಂದು ತಿಳಿಯುತ್ತದೆ. ಇಂಥದೊಂದು ಇರಬೇಕೆಂದು 1906ರಲ್ಲೇ ಪ್ಯಾರಿಸ್ಸಿನ ಕಾರ್ನೊ ಮತ್ತು ದೆಫ್ಲಾಂದ್ರ್ ಹೇಳಿದ್ದರು. 1953ರಲ್ಲಿ ಅಲನ್ ಎರ್ಸ್‌ಲೆವ್ ಮೊಲಗಳಲ್ಲಿ ತೋರಿಸಿಕೊಟ್ಟರು. ಇದೆ ಎಂದು ಗೊತ್ತು, ಹಿಡಿದು ಕೈಯಲ್ಲಿಟ್ಟು ನೋಡಿದವರಿಲ್ಲ.

ಹಿಡಿಯಲು ಹೊರಟವರು ಶಿಕಾಗೊದ ಜೀವರಸಾಯನ ವಿಜ್ಞಾನಿ ಯುಜೀನ್ ಗೋಲ್ಡ್‌ವಾಸರ್. 1955ರಲ್ಲಿ, ಕೆಲವು ತಿಂಗಳ ಕೆಲಸವೆಂದುಕೊಂಡು ಕೈಹಾಕಿದರು. ಹಿಡಿದದ್ದು ಎರಡು ದಶಕಕ್ಕೂ ಹೆಚ್ಚು. ಎರಡು ವರ್ಷದಲ್ಲಿ ಕಿಡ್ನಿಯೇ ಮೂಲವೆಂದು ಗೊತ್ತಾಯಿತು. ಆಮೇಲೆ ರಕ್ತಹೀನತೆ ಬರಿಸಿದ ಕುರಿಗಳ ರಕ್ತದಿಂದ ಸೋಸುತ್ತ, ಸೋಸುತ್ತ, ವರ್ಷಗಳು ಕಳೆದವು. ಅಷ್ಟೂ ಸೋಸಿ ಸಿಕ್ಕದ್ದು ಕುರಿಯ ಹಾರ್ಮೋನು, ಮನುಷ್ಯನದಲ್ಲ.

ಆ ಹೊತ್ತಿಗೆ ಜಪಾನಿನ ಕುಮಾಮೊಟೊದಿಂದ ತಾಕಾಜಿ ಮಿಯಾಕೆ ಎಂಬವರ ಪತ್ರ ಬಂತು. ಅವರ ಬಳಿ ಇದ್ದದ್ದು ಉಚ್ಚೆ. ಎಪ್ಲಾಸ್ಟಿಕ್ ಅನೀಮಿಯಾ, ಅಂದರೆ ಮಜ್ಜೆಯೇ ಬತ್ತಿಹೋದ ರೋಗಿಗಳ ಉಚ್ಚೆ; ಒಟ್ಟು 2,550 ಲೀಟರ್. ಈ ರೋಗಿಗಳದ್ದೇ ಏಕೆಂದರೆ, ಇವರಲ್ಲಿ ಕಿಡ್ನಿ ಹಾರ್ಮೋನು ಬಿಡುತ್ತಲೇ ಇರುತ್ತದೆ, ಮಜ್ಜೆಯಲ್ಲಿ ಓಗೊಡಲು ಯಾರೂ ಉಳಿದಿರುವುದಿಲ್ಲ. ಖರ್ಚಾಗದ ಹಾರ್ಮೋನು ಉಚ್ಚೆಯಲ್ಲಿ ಹೋಗುತ್ತದೆ. ಮಿಯಾಕೆ ಅಷ್ಟನ್ನೂ ಇಂಗಿಸಿ ಒಣಗಿಸಿ ಪುಡಿ ಮಾಡಿದರು. 1975ರ ಡಿಸೆಂಬರಿನಲ್ಲಿ ಶಿಕಾಗೊದ ಪಾಮರ್ ಹೌಸ್ ಹೋಟೆಲಿನಲ್ಲಿ ಗೋಲ್ಡ್‌ವಾಸರ್ ಅವರನ್ನು ಕಂಡು, ತಲೆಬಾಗಿ, ರೇಷ್ಮೆಯ ಫುರೋಶಿಕಿ ಬಟ್ಟೆಯಲ್ಲಿ ಸುತ್ತಿದ ಗಂಟನ್ನು ಕೈಗಿಟ್ಟರು. ಜಪಾನಿಯರು ಉಡುಗೊರೆ ಕಟ್ಟುವ ಬಟ್ಟೆ ಅದು.

ಈ ದೃಶ್ಯವನ್ನು ನಾನು ಮನಸ್ಸಿನಲ್ಲಿ ಎಷ್ಟು ಸಲ ಕಂಡಿದ್ದೇನೋ. ಕ್ರಿಸ್‌ಮಸ್ಸಿನ ಚಳಿ, ದೊಡ್ಡ ಹೋಟೆಲಿನ ಝಗಮಗ, ರೇಷ್ಮೆಯೊಳಗೆ ರೋಗಿಗಳ ಉಚ್ಚೆಯ ಪುಡಿ. ಕೊಡುವವರಿಗೂ ನಾಚಿಕೆಯಿಲ್ಲ, ತೆಗೆದುಕೊಳ್ಳುವವರಿಗೂ ಅಸಹ್ಯವಿಲ್ಲ. ಲ್ಯಾಬಿನಲ್ಲಿ ದಿನವಿಡೀ ಯೂರಿನ್ ಡಬ್ಬಿಗಳಿಗೆ ಚೀಟಿ ಅಂಟಿಸಿದವರಿಗೆ ಆ ರೇಷ್ಮೆಯ ಬೆಲೆ ಗೊತ್ತಾಗುತ್ತದೆ. ಗೋಲ್ಡ್‌ವಾಸರ್, ಮಿಯಾಕೆ ಮತ್ತು ಸಹಾಯಕ ಚಾರ್ಲ್ಸ್ ಕುಂಗ್ ಆ ಗಂಟನ್ನು ಹಂತ ಹಂತವಾಗಿ ಶುದ್ಧಮಾಡಿ 1977ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೈಗೆ ಸಿಕ್ಕ ಶುದ್ಧ ಎರಿಥ್ರೊಪೊಯೆಟಿನ್ ಸುಮಾರು 8 ಮಿಲಿಗ್ರಾಂ. ಒಂದು ಅಕ್ಕಿಕಾಳಿನ ಅರ್ಧ ತೂಕವೂ ಇಲ್ಲ. ಆ ಚಿಟಿಕೆಯ ಆಧಾರದ ಮೇಲೆ ಅಮೆರಿಕದ ಆಮ್ಜೆನ್ ಕಂಪನಿಯಲ್ಲಿ ತೈವಾನ್ ಮೂಲದ ಫು-ಕುವೆನ್ ಲಿನ್ 1983ರಲ್ಲಿ ಜೀನ್ ಹುಡುಕಿದರು. 1989ರಲ್ಲಿ ಔಷಧಿಯಾಗಿ ಒಪ್ಪಿಗೆ ಬಂತು. ಅದನ್ನು ಬೆಳೆಸುವುದು ಚೀನಾದ ಹ್ಯಾಮ್‌ಸ್ಟರ್ ಎಂಬ ಪುಟ್ಟ ಇಲಿಯ ಅಂಡಾಶಯದ ಕಣಗಳಲ್ಲಿ. ಬ್ಯಾಕ್ಟೀರಿಯಾದಲ್ಲಿ ಆಗುವುದಿಲ್ಲ, ಏಕೆಂದರೆ ಈ ಪ್ರೋಟೀನಿನ ತೂಕದಲ್ಲಿ ಶೇಕಡ 40ರಷ್ಟು ಸಕ್ಕರೆಯ ಸರಪಣಿಗಳು. ಆ ಸಕ್ಕರೆ ಹೆಣೆಯುವ ಕಸುಬು ಬ್ಯಾಕ್ಟೀರಿಯಾಕ್ಕೆ ಬಾರದು. ಸಕ್ಕರೆ ಸರಿಯಾಗಿಲ್ಲದಿದ್ದರೆ ಔಷಧಿ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುವುದಿಲ್ಲ.

ಎರಡನೆಯದು ಜಿ-ಸಿಎಸ್‌ಎಫ್. ಇದರ ತವರು ಆಸ್ಟ್ರೇಲಿಯಾದ ಮೆಲ್ಬರ್ನ್. 1966ರಲ್ಲಿ ರೇ ಬ್ರಾಡ್ಲಿ ಮತ್ತು ಡೊನಾಲ್ಡ್ ಮೆಟ್‌ಕಾಫ್ ಇಲಿಯ ಮಜ್ಜೆಯ ಕಣಗಳು ಅಗರ್ ತಟ್ಟೆಯಲ್ಲಿ ಗುಂಪು ಗುಂಪಾಗಿ ಬೆಳೆಯುವುದನ್ನು ಬರೆದರು. ಏನೋ ಒಂದು ಹೊರಗಿನಿಂದ ಬಂದು ಅವನ್ನು ಬೆಳೆಸುತ್ತಿದೆ ಎಂದು ಮೆಟ್‌ಕಾಫ್ ಆ ‘ಏನೋ ಒಂದ’ರ ಬೆನ್ನು ಹತ್ತಿದರು. ಅದು ಒಂದಲ್ಲ, ಹಲವು ಎಂದು ಗೊತ್ತಾಗುವಷ್ಟರಲ್ಲಿ ಅವರ ಯೌವನ ಮುಗಿದಿತ್ತು. ಅವುಗಳಲ್ಲಿ ಒಂದು ಈ ಜಿ-ಸಿಎಸ್‌ಎಫ್, 1991ರಲ್ಲಿ ಫಿಲ್‌ಗ್ರಾಸ್ಟಿಮ್ ಎಂಬ ಔಷಧಿಯಾಯಿತು. ಇದರ ಕೆಲಸ ಬಿಳಿಕಣಗಳನ್ನು ಹೆಚ್ಚಿಸುವುದು. ಕೀಮೋಥೆರಪಿ ಆದವರಿಗೆ ಕೊಡುವುದು ಇದನ್ನೇ. ಇದಕ್ಕೆ ಸಕ್ಕರೆಯ ತಗಾದೆಯಿಲ್ಲ, ಇ. ಕೋಲಿ ಬ್ಯಾಕ್ಟೀರಿಯಾದಲ್ಲೇ ಬೆಳೆಯುತ್ತದೆ.

ಈಗ ನನಗೆ ರುಚಿ ಹತ್ತಿಸಿದ ಭಾಗಕ್ಕೆ ಬಂದೆ. ಎಂಡಿಎಸ್ ಇದ್ದವರಿಗೆ ಎರಿಥ್ರೊಪೊಯೆಟಿನ್ ಒಂದನ್ನೇ ಕೊಟ್ಟರೆ ಆಗುವುದು ಅಷ್ಟಕ್ಕಷ್ಟೆ. 17 ಅಧ್ಯಯನಗಳ 205 ರೋಗಿಗಳನ್ನು ಒಟ್ಟುಮಾಡಿ 1995ರಲ್ಲಿ ಸ್ವೀಡನ್ನಿನ ಎವಾ ಹೆಲ್‌ಸ್ಟ್ರೋಮ್-ಲಿಂಡ್‌ಬೆರಿ ಲೆಕ್ಕ ಹಾಕಿದಾಗ ಉಪಯೋಗವಾದದ್ದು ಶೇಕಡ 16 ಜನರಿಗೆ. ನೀಲಿ ಉಂಗುರದವರಲ್ಲಂತೂ ಶೇಕಡ 7.5. ಇನ್ನು ಜಿ-ಸಿಎಸ್‌ಎಫ್ ಬಿಳಿಕಣದ ಮದ್ದು. ಕೆಂಪುಕಣಕ್ಕೂ ಅದಕ್ಕೂ ಏನು ಸಂಬಂಧ? ಅದೊಂದನ್ನೇ ಕೊಟ್ಟರೆ ಎಚ್‌ಬಿ ಏಳುವುದು ಅಪರೂಪ. ಒಂದು ಮಂದ, ಇನ್ನೊಂದು ಸಂಬಂಧವೇ ಇಲ್ಲದ್ದು. ಇವೆರಡನ್ನೂ ಜೊತೆಯಾಗಿ ಕೊಟ್ಟು ನೋಡಿದವರು ತೊಂಬತ್ತರ ದಶಕದ ಮೊದಲಲ್ಲಿ ಸ್ಟ್ಯಾನ್‌ಫರ್ಡಿನ ರಾಬರ್ಟ್ ನೆಗ್ರಿನ್, ಪೀಟರ್ ಗ್ರೀನ್‌ಬರ್ಗ್ ಮತ್ತು ಸ್ವೀಡನ್ನಿನ ಇದೇ ಎವಾ ಅವರ ತಂಡ. ಹತ್ತರಲ್ಲಿ ನಾಲ್ವರಿಗೆ ಹತ್ತಿರ ಹತ್ತಿರ ಎಚ್‌ಬಿ ಏರಿತು. ಮತ್ತು ಒಂಟಿ ಸೂಜಿಗೆ ಬೆನ್ನು ತಿರುಗಿಸಿದ್ದ ಆ ಉಂಗುರದ ರೋಗಿಗಳೇ ಜೋಡಿಗೆ ಎಲ್ಲರಿಗಿಂತ ಚೆನ್ನಾಗಿ ಒಲಿದರು!

ಸುಮ್ಮನೆ ಕಾಕತಾಳೀಯವೋ ಏನೋ ಎಂಬ ಅನುಮಾನಕ್ಕೆ ಸ್ಟ್ಯಾನ್‌ಫರ್ಡಿನವರು ಕೊಟ್ಟ ಉತ್ತರ ಸರಳ. ಎಚ್‌ಬಿ ಏರಿದವರಲ್ಲಿ ಜಿ-ಸಿಎಸ್‌ಎಫ್ ಮಾತ್ರ ನಿಲ್ಲಿಸಿದರು, ಎರಿಥ್ರೊಪೊಯೆಟಿನ್ ಮುಂದುವರಿಸಿದರು. ಹಲವರಲ್ಲಿ ಎಚ್‌ಬಿ ಇಳಿಯಿತು. ಮತ್ತೆ ಶುರು ಮಾಡಿದರು, ಏರಿತು. ಇದಕ್ಕಿಂತ ಚೊಕ್ಕ ಪುರಾವೆ ಬೇಕೆ? ಕಾರಣ ಆಮೇಲೆ ತಿಳಿದದ್ದು. 2003ರಲ್ಲಿ ಎವಾ ಅವರ ತಂಡ ತೋರಿಸಿದ ಹಾಗೆ, ಕಬ್ಬಿಣ ಸಿಕ್ಕಿಕೊಂಡ ಮೈಟೋಕಾಂಡ್ರಿಯಾಗಳಿಂದ ಸೈಟೋಕ್ರೋಮ್ ಸಿ ಎಂಬ ಪ್ರೋಟೀನು ಸೋರುತ್ತದೆ. ಸೋರಿದರೆ ಕಣ ತನ್ನನ್ನು ತಾನೇ ಕೊಂದುಕೊಳ್ಳುವ ವ್ಯವಸ್ಥೆ ಶುರುವಾಗುತ್ತದೆ. ಜಿ-ಸಿಎಸ್‌ಎಫ್ ಆ ಸೋರಿಕೆಯನ್ನು ತಡೆಯುತ್ತದೆ. ಹಾಗೆ ಜೀವ ಉಳಿಸಿಕೊಂಡ ಎಳೆಗಣವನ್ನು ಎರಿಥ್ರೊಪೊಯೆಟಿನ್ ಮುಂದಕ್ಕೆ ಬೆಳೆಸುತ್ತದೆ. ಒಬ್ಬರು ಸಾಯದಂತೆ ಹಿಡಿದರು, ಇನ್ನೊಬ್ಬರು ನಡೆಸಿದರು. ಬಿಳಿಕಣದ ಮದ್ದು ಎಂದು ಹಣೆಪಟ್ಟಿ ಹಚ್ಚಿಕೊಂಡದ್ದು ಕೆಂಪುಕಣದ ಶೈಶವದಲ್ಲಿ ಹೀಗೆ ಕೈಯಾಡಿಸುತ್ತದೆಂದು ಅದನ್ನು ಕಂಡುಹಿಡಿದವರಿಗೂ ಗೊತ್ತಿರಲಿಲ್ಲ. ಉಂಗುರ ಕಟ್ಟುವುದರ ಹಿಂದೆ ಎಸ್‌ಎಫ್3ಬಿ1 ಎಂಬ ಜೀನಿನ ತಪ್ಪಿದೆಯೆಂದು ತಿಳಿದದ್ದಂತೂ 2011ರಲ್ಲಿ. ಮದ್ದು ಮೊದಲು ಬಂತು, ವಿವರಣೆ ಹಿಂದಿನಿಂದ ಓಡಿಬಂತು.

ಆದರೂ ಇಡೀ ಕಥೆಯಲ್ಲಿ ಅತಿ ಸೊಗಸಾದದ್ದು ಯಾವುದು ಎಂದು ಕೇಳಿದರೆ ನಾನು ಸೂಜಿಗಳ ಕಡೆ ಬೆರಳು ಮಾಡುವುದಿಲ್ಲ. 1997ರಲ್ಲಿ ಸ್ವೀಡನ್ನಿನವರೂ ಅಮೆರಿಕದವರೂ ಸೇರಿ ಬರೆದ ಒಂದು ಪುಟ್ಟ ಕೋಷ್ಟಕವಿದೆ. ಎರಡೇ ಪ್ರಶ್ನೆ. ರೋಗಿಯ ರಕ್ತದಲ್ಲಿ ತಾನಾಗಿಯೇ ಇರುವ ಎರಿಥ್ರೊಪೊಯೆಟಿನ್ ಎಷ್ಟು? ತಿಂಗಳಿಗೆ ಎಷ್ಟು ಬಾಟಲಿ ರಕ್ತ ಬೇಕಾಗುತ್ತಿದೆ? ಹಾರ್ಮೋನು 100 ಯೂನಿಟ್ಟಿನ ಒಳಗಿದ್ದರೆ 2 ಅಂಕ, 100ರಿಂದ 500ರವರೆಗೆ 1 ಅಂಕ, 500 ದಾಟಿದರೆ 3 ಅಂಕ ಕಳೆ. ರಕ್ತ ತಿಂಗಳಿಗೆ ಎರಡು ಬಾಟಲಿಗಿಂತ ಕಡಿಮೆಯಾದರೆ 2 ಅಂಕ ಕೂಡು, ಎರಡೋ ಹೆಚ್ಚೋ ಆದರೆ 2 ಕಳೆ. ಒಳ್ಳೆಯ ಅಂಕ ಬಂದವರಲ್ಲಿ ಶೇಕಡ 74 ಜನರಿಗೆ ಜೋಡಿಮದ್ದು ಹಿಡಿಯಿತು, ನಡುವಿನವರಲ್ಲಿ 23, ಕೆಳಗಿನವರಲ್ಲಿ ಬರೀ 7. ಬೆರಳೆಣಿಕೆಯ ಲೆಕ್ಕ, ಯಾವ ಯಂತ್ರವೂ ಬೇಡ.

ಹಾರ್ಮೋನು ಹೆಚ್ಚಿದ್ದರೆ ಅಂಕ ಕಳೆಯುವುದೇಕೆ? ಆಗಲೇ 500 ಯೂನಿಟ್ ದಾಟಿದೆ ಎಂದರೆ ಕಿಡ್ನಿ ತನ್ನ ಕೈಲಾದದ್ದನ್ನೆಲ್ಲ ಮಾಡಿ ಮುಗಿಸಿದೆ, ಮಜ್ಜೆ ಕೇಳಿಸಿಕೊಳ್ಳುತ್ತಿಲ್ಲ. ಸೂಜಿಯಲ್ಲಿ ಅದನ್ನೇ ಇನ್ನಷ್ಟು ಕೊಟ್ಟು ಆಗಬೇಕಾದ್ದೇನು? ಮಿಯಾಕೆಯ ಗಂಟಿನಲ್ಲಿದ್ದದ್ದು ಇದೇ ತಾನೆ. ಮಜ್ಜೆ ಓಗೊಡದ ರೋಗಿಗಳಲ್ಲಿ ಹಾರ್ಮೋನು ಉಕ್ಕಿ ಹರಿಯುತ್ತದೆ ಎಂಬ ಸಂಗತಿಯಿಂದಲೇ ಜಗತ್ತಿಗೆ ಈ ಮದ್ದು ದಕ್ಕಿತು; ಅದೇ ಸಂಗತಿ ಇಪ್ಪತ್ತು ವರ್ಷದ ಮೇಲೆ, ಈ ಮದ್ದನ್ನು ಯಾರಿಗೆ ಕೊಟ್ಟು ಫಲವಿಲ್ಲ ಎಂದು ಹೇಳಿಕೊಟ್ಟಿತು. ಯಾರ ಉಚ್ಚೆಯಿಂದ ಔಷಧಿ ಸಿಕ್ಕಿತೋ ಅವರಿಗೇ ಅದು ಕೆಲಸ ಮಾಡದು. ಈ ವಿಪರ್ಯಾಸವನ್ನು ಒಮ್ಮೆ ಗಮನಿಸಿದ ಮೇಲೆ ಆ ಕೋಷ್ಟಕದ ‘ಮೈನಸ್ 3’ ನನಗೆ ಬರೀ ಅಂಕಿಯಾಗಿ ಕಂಡಿಲ್ಲ. ಔಷಧಿ ಕಂಪನಿಗಳ ಕಾಲದಲ್ಲಿ, ಇಂಥವರಿಗೆ ಮಾರಬೇಡಿ ಎಂದು ಮೊದಲೇ ಹೇಳುವ ವಿಜ್ಞಾನ ಎಷ್ಟು ಸಿಗುತ್ತದೆ ಹೇಳಿ.

ದೊಡ್ಡಪ್ಪನ ರಕ್ತವನ್ನು ಐಸಿನಲ್ಲಿಟ್ಟು ಬೆಂಗಳೂರಿಗೆ ಕಳಿಸಿ ಅಳೆಸಿದಾಗ ಹಾರ್ಮೋನು ನೂರರೊಳಗೇ ಬಂತು. ರಕ್ತ ಹಾಕಿಸುತ್ತಿದ್ದದ್ದು ಎರಡು ತಿಂಗಳಿಗೊಮ್ಮೆ. ಪೂರ್ಣ ಅಂಕ. ‘ಎಸ್ಸೆಲ್ಸಿಯಲ್ಲೂ ಇಷ್ಟು ಬಂದಿರ್ಲಿಲ್ಲ’ ಎಂದರು.

ಬೆಲೆಯ ಮಾತು ಬಿಟ್ಟು ರಸದ ಮಾತಾಡುವುದು ನಮ್ಮಂಥವರಿಗೆ ಕಷ್ಟ. ಬೆಂಗಳೂರಿನ ಬಯೋಕಾನ್ 1978ರಲ್ಲಿ ಶುರುವಾದಾಗ ಮಾಡುತ್ತಿದ್ದದ್ದು ಪರಂಗಿ ಹಣ್ಣಿನ ಎಂಜೈಮು. ಆಮೇಲೆ ಅದೇ ಕಂಪನಿ ಈ ಎರಡು ಮದ್ದನ್ನೂ ಎರಿಪ್ರೊ, ನ್ಯೂಫಿಲ್ ಎಂಬ ಹೆಸರಿನಲ್ಲಿ ತಂದಿತು. ದೇಶದ ಇನ್ನೂ ಹಲವು ಕಂಪನಿಗಳು ತಂದವು. ಹಾಗಾಗಿ ಭದ್ರಾವತಿಯ ಪಿಂಚಣಿದಾರರ ಮನೆಗೂ ಇದು ಹೇಗೋ ಎಟುಕುತ್ತದೆ, ಕಷ್ಟಪಟ್ಟಾದರೂ. ಎರಿಥ್ರೊಪೊಯೆಟಿನ್ ವಾರಕ್ಕೆ 30,000ದಿಂದ 60,000 ಯೂನಿಟ್, ಕಿಡ್ನಿ ರೋಗಿಗಳಿಗೆ ಕೊಡುವುದಕ್ಕಿಂತ ಎಷ್ಟೋ ಹೆಚ್ಚು. ಜಿ-ಸಿಎಸ್‌ಎಫ್ ಮಾತ್ರ ಕಡಿಮೆ ಪ್ರಮಾಣದಲ್ಲಿ, ವಾರಕ್ಕೆ ಎರಡು ಮೂರು ಸಲ. ಪರಿಣಾಮ ಕಾಣಲು ಎರಡು ಮೂರು ತಿಂಗಳು ಕಾಯಬೇಕು.

ತುಂಬಿದ ಸಿರಿಂಜು ಬರುವುದು ನನ್ನ ಕಿರುಬೆರಳಿಗಿಂತ ಸ್ವಲ್ಪ ಉದ್ದ. ಒಳಗಿನ ದ್ರವ ನೀರಿನಷ್ಟೇ ತಿಳಿ. ಬೆಳಕಿಗೆ ಹಿಡಿದರೆ ಒಂದು ಕಸವೂ ಕಾಣಬಾರದು. ಅಲ್ಲಾಡಿಸಬಾರದು, ಅಲ್ಲಾಡಿಸಿದರೆ ಪ್ರೋಟೀನು ಕೆಡುತ್ತದೆ. 2ರಿಂದ 8 ಡಿಗ್ರಿಯಲ್ಲಿಡಬೇಕು, ಹೆಪ್ಪುಗಟ್ಟಬಾರದು. ಶಿವಮೊಗ್ಗದ ಅಂಗಡಿಯಿಂದ ಥರ್ಮೋಕೋಲ್ ಡಬ್ಬಿಯಲ್ಲಿ ಐಸ್‌ಪ್ಯಾಕಿನ ಜೊತೆ ತೆಗೆದುಕೊಂಡು ಭದ್ರಾವತಿಯ ಪ್ರೈವೇಟ್ ಬಸ್ಸು ಹತ್ತಿದರೆ ಮುಕ್ಕಾಲು ಗಂಟೆಯ ದಾರಿಯುದ್ದಕ್ಕೂ ಡಬ್ಬಿ ತೊಡೆಯ ಮೇಲೆ. ಹಂಪ್ ಬಂದಾಗಲೆಲ್ಲ ಎರಡೂ ಕೈಯಲ್ಲಿ ಎತ್ತಿ ಹಿಡಿಯುವುದು. ಕಂಡಕ್ಟರು ‘ಏನಕ್ಕಾ, ಕೇಕಾ?’ ಎಂದು ಕೇಳಿದ್ದುಂಟು. ಮನೆಯಲ್ಲಿ ದೊಡ್ಡಮ್ಮ ಫ್ರಿಜ್ಜಿನ ನಡುವಿನ ಖಾನೆ ಖಾಲಿ ಮಾಡಿಕೊಟ್ಟರು. ಬಾಗಿಲಲ್ಲಿಟ್ಟರೆ ತೆರೆದಾಗಲೆಲ್ಲ ಬಿಸಿ, ಹಿಂದೆ ಒತ್ತಿಟ್ಟರೆ ಹೆಪ್ಪು, ಹಾಗಾಗಿ ಸರಿಯಾಗಿ ನಡುವೆಯೇ ಆಗಬೇಕು. ಅದುವರೆಗೆ ಅಲ್ಲಿ ವಾಸವಿದ್ದ ದೋಸೆಹಿಟ್ಟಿನ ಪಾತ್ರೆ ಅಡುಗೆಮನೆಯ ಕಟ್ಟೆಗೆ ಬಂತು, ಬೇಸಗೆಯಲ್ಲಿ ಹುಳಿ ಜಾಸ್ತಿಯಾದ ದೋಸೆ ಮನೆಯವರೆಲ್ಲ ತಿಂದರು. ಚುಚ್ಚುವ ಅರ್ಧ ಗಂಟೆ ಮೊದಲು ಹೊರಗಿಡಬೇಕು, ತಣ್ಣಗೆ ಚುಚ್ಚಿದರೆ ಉರಿ. ಹೊಕ್ಕುಳಿನಿಂದ ನಾಲ್ಕು ಬೆರಳು ಆಚೆ ಚರ್ಮ ಹಿಡಿದೆತ್ತಿ, ನಿಧಾನವಾಗಿ. ಜಿ-ಸಿಎಸ್‌ಎಫ್ ಕೊಟ್ಟ ಮಾರನೆ ದಿನ ಸೊಂಟದ ಮೂಳೆ, ಎದೆಗೂಡು ನೋಯುತ್ತದೆ, ಪ್ಯಾರಾಸಿಟಮಾಲ್‌ಗೆ ಬಗ್ಗುವ ನೋವು. ಮಜ್ಜೆ ಎದ್ದಿತು ಎಂಬುದಕ್ಕೆ ಆ ನೋವೇ ಗುರುತು ಎಂದು ನಾನು ಹೇಳಿದರೆ, ಎದ್ದಿದ್ದು ಸಾಕು ಕೂರೋಕೆ ಹೇಳು ಎನ್ನುತ್ತಿದ್ದರು ದೊಡ್ಡಪ್ಪ.

ಇದರ ಮಿತಿಗಳನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ಇದು ಜಾಹೀರಾತಾದೀತು. 2004ರಲ್ಲಿ ಫ್ರಾನ್ಸಿನವರು ಇದೇ ಜೋಡಿಯನ್ನು ಬರೀ ರಕ್ತ ಹಾಕಿಸಿಕೊಳ್ಳುವುದರೊಡನೆ ಹೋಲಿಸಿ ನೋಡಿದರು. ಎಚ್‌ಬಿ ಏರಿತು, ಸರಿ. ಆದರೆ ರೋಗಿಗಳು ತಾವು ಬದುಕುತ್ತಿರುವ ಬದುಕಿಗೆ ಹಾಕಿದ ಅಂಕದಲ್ಲಿ ವ್ಯತ್ಯಾಸ ಕಾಣಲಿಲ್ಲ, ಖರ್ಚು ಮಾತ್ರ ಬಹಳ ಹೆಚ್ಚಿತು. ಇನ್ನು ಹಿಡಿದ ಮದ್ದು ಹಿಡಿದೇ ಇರುತ್ತದೆಂದೂ ಇಲ್ಲ. ನಡುಸರಾಸರಿ ಎರಡು ವರ್ಷ, ಕೆಲವರಿಗೆ ಅದಕ್ಕಿಂತ ಎಷ್ಟೋ ಹೆಚ್ಚು. ಕಣ ಬೆಳೆಸುವ ಮದ್ದು ಲ್ಯುಕೇಮಿಯಾವನ್ನೂ ಬೆಳೆಸೀತೆಂಬ ಭಯವಿತ್ತು. ಸ್ವೀಡನ್ನಿನವರು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದಾಗ ಹಾಗೇನೂ ಕಾಣಲಿಲ್ಲ. ಮತ್ತು ಎಚ್‌ಬಿಯನ್ನು 12ರ ಮೇಲೆ ಹೋಗಗೊಡಬಾರದು. ರಕ್ತ ದಪ್ಪವಾಗಿ ಹೆಪ್ಪುಗಟ್ಟುವ, ಪಾರ್ಶ್ವವಾಯು ಬಡಿಯುವ ಅಪಾಯವಿದೆಯೆಂದು 2007ರಲ್ಲಿ ಅಮೆರಿಕ ಈ ಔಷಧಿಗಳ ಡಬ್ಬಿಯ ಮೇಲೆ ಕಪ್ಪುಚೌಕದ ಎಚ್ಚರಿಕೆಯನ್ನೇ ಹಾಕಿಸಿತು.

ಈಗ ಹೊಸತೊಂದು ಬಂದಿದೆ, ಲಸ್‌ಪಾಟರ್‌ಸೆಪ್ಟ್. ಉಂಗುರದ ರೋಗಿಗಳಿಗೆಂದೇ ಅಮೆರಿಕದಲ್ಲಿ 2020ರಲ್ಲಿ ಒಪ್ಪಿಗೆ ಪಡೆಯಿತು. ಮೂರು ವಾರಕ್ಕೊಂದೇ ಸೂಜಿ, ಕೆಂಪುಕಣದ ಕೊನೆಯ ಹಂತಗಳಲ್ಲಿ ಕೆಲಸ ಮಾಡುತ್ತದೆ. ಒಳ್ಳೆಯದೇ. ಆದರೆ ಬೆಲೆ ಕೇಳಿದರೆ ನ್ಯೂಟೌನಿನ ಕ್ವಾರ್ಟರ್ಸಿನಲ್ಲಿ ಯಾರೂ ಮಾತಾಡುವುದಿಲ್ಲ. ಸದ್ಯಕ್ಕೆ ಹಳೆಯ ಜೋಡಿಯೇ ಇರಲಿ ಎಂದಾಯಿತು, ಮತ್ತು ನನಗೆ ಒಳಗೊಳಗೇ ಖುಷಿಯೇ ಆಯಿತು.

ಮೂರನೇ ತಿಂಗಳಲ್ಲಿ ದೊಡ್ಡಪ್ಪನ ಎಚ್‌ಬಿ ಹತ್ತು ದಾಟಿತು. ರಕ್ತ ಹಾಕಿಸುವುದು ನಿಂತಿತು. ಬಸ್‌ಸ್ಟ್ಯಾಂಡಿನ ತನಕ ನಡೆದು ಹೋಗಿ ಪೇಪರು ತರುವುದು ಶುರುವಾಯಿತು. ಒಂದು ವರ್ಷವಾದ ಮೇಲೆ ಡಾಕ್ಟರು, ಎರಡನೇ ಸೂಜಿ ನಿಜವಾಗಿ ಬೇಕೋ ಇಲ್ಲವೋ ನೋಡಿಬಿಡೋಣ, ಉಳಿದರೆ ದುಡ್ಡಾದರೂ ಉಳಿಯಲಿ ಎಂದು ಜಿ-ಸಿಎಸ್‌ಎಫ್ ನಿಲ್ಲಿಸಿದರು. ಸ್ಟ್ಯಾನ್‌ಫರ್ಡಿನ ಪ್ರಯೋಗ ನಮ್ಮ ಮನೆಯಲ್ಲೇ ನಡೆಯುವುದನ್ನು ನೋಡಲು ನಾನು ಉಸಿರು ಬಿಗಿಹಿಡಿದೆ. ಆರನೇ ವಾರಕ್ಕೆ ಎಚ್‌ಬಿ ಒಂಬತ್ತಕ್ಕಿಳಿಯಿತು. ಮತ್ತೆ ಶುರುಮಾಡಿದರು, ಎರಡು ತಿಂಗಳಲ್ಲಿ ಹತ್ತೂವರೆ. ಮೂರು ವರದಿಗಳನ್ನೂ ಸಾಲಾಗಿ ಜೋಡಿಸಿ, ಇಷ್ಟು ಅಚ್ಚುಕಟ್ಟಾಗಿ ಆಗುವುದು ಎಲ್ಲರಲ್ಲೂ ಇಲ್ಲ ದೊಡ್ಡಪ್ಪ, ನೋಡಿ ಎಂದು ತೋರಿಸಿದೆ.

‘ನೀನು ಖುಷಿಪಡು ಮಾರಾಯ್ತಿ’ ಎಂದರು. ‘ನಿಮ್ಮ ದೊಡ್ಡಮ್ಮಂಗೆ ಹೇಳ್ಬೇಡ. ಒಂದು ಸೂಜಿ ಸಾಕಾಗುತ್ತೆ, ಫ್ರಿಜ್ಜಲ್ಲಿ ಅರ್ಧ ಜಾಗ ವಾಪಸ್ ಬರುತ್ತೆ ಅಂತ ಹಿಟ್ಟು ರುಬ್ಬಿ ಕೂತಿದ್ದಾಳೆ.’